ಗಾಜಿನ ಬಟ್ಟಲಿನ ಅಹಿಂಸೆ: ಒಂದು ವಿಮರ್ಶೆ

‘ಈ ಸಂಶೋಧನೆ ಗಾಜಿನ ಬಟ್ಟಲಿನಲ್ಲಿ ನಡೆಯುವಂಥದು; ಇಲ್ಲಿ ಪ್ರಾಣಿವಧೆಯ ಪ್ರಶ್ನೆಯೇ ಇಲ್ಲ’ ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ವೈದ್ಯಕೀಯ ಸಂಶೋಧನೆಗೆ ದಾನ ನೀಡುವ ಶ್ರಾವಕ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಈ ಮಾತನ್ನು ಪರಿಶೀಲಿಸದೆ ಒಪ್ಪುವುದು ಉಚಿತವಲ್ಲ. ಮೂತ್ರಪಿಂಡದ ಜೀವಕೋಶಗಳ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಹಾರ್ಮೋನು ರಕ್ತದಲ್ಲಿ ಸಂಚರಿಸಿ, ಜೀವಕೋಶದಲ್ಲಿರುವ ತನ್ನ ಗ್ರಾಹಕವನ್ನು ಕೂಡಿದಾಗಲೇ ಅದರ ಕಾರ್ಯ ಆರಂಭವಾಗುತ್ತದೆ. (ವ್ಯಾಪಾರಿಗೆ ಈ ಪದ ಹೊಸದಲ್ಲ, ಗ್ರಾಹಕನಿಲ್ಲದೆ ಸರಕಿಗೆ ಗತಿಯಿಲ್ಲ.) ಇದನ್ನು ಇಡೀ ಶರೀರದಲ್ಲಿ ಬಿಡಿಸಿ ನೋಡುವುದು ಕಷ್ಟವಾದ್ದರಿಂದ, ಒಂದೇ ಬಗೆಯ ಕೋಶಗಳನ್ನು ತಲೆಮಾರುಗಟ್ಟಲೆ ಬೆಳೆಸುತ್ತಾರೆ. ಇದೇ ಕೋಶವಂಶ. 1958ರಲ್ಲಿ ಅಮೆರಿಕದ ಮ್ಯಾಡಿನ್ ಮತ್ತು ಡಾರ್ಬಿ ಎಂಬುವರು ಒಂದು ನಾಯಿಯ ಮೂತ್ರಪಿಂಡದಿಂದ ‘ಎಂಡಿಸಿಕೆ’ ವಂಶವನ್ನು ಪಡೆದರು. ಹಂದಿಯ ಮೂತ್ರಪಿಂಡದಿಂದ ಬಂದ ‘ಎಲ್‌ಎಲ್‌ಸಿ-ಪಿಕೆ1’ ವಂಶದ ವಿವರ 1976ರಲ್ಲಿ ಪ್ರಕಟವಾಯಿತು. ಕ್ಯಾಲ್ಸಿಟೋನಿನ್ ಮತ್ತು ವ್ಯಾಸೊಪ್ರೆಸಿನ್ ಹಾರ್ಮೋನುಗಳಿಗೆ ಈ ಕೋಶಗಳು ಸ್ಪಂದಿಸುತ್ತವೆಂದು 1978ರಲ್ಲಿ ತಿಳಿಯಿತು; ಕ್ಯಾಲ್ಸಿಟೋನಿನ್ ಗ್ರಾಹಕದ ವಂಶವಾಹಿ 1991ರಲ್ಲಿ ದೊರೆತದ್ದೂ ಇವುಗಳಿಂದಲೇ. ಮೂಲಪ್ರಾಣಿ ಒಂದೇ, ಅದರ ಕೋಶಗಳು ಇಂದಿಗೂ ಬೆಳೆಯುತ್ತಿವೆ. ಪ್ರತಿ ಪ್ರಯೋಗಕ್ಕೂ ಹೊಸದಾಗಿ ಕೊಂದ ಪ್ರಾಣಿಯ ಮೂತ್ರಪಿಂಡವನ್ನು ತರುವ ಪದ್ಧತಿಗಿಂತ ಇದು ಬಹಳ ಮೇಲು. ಇಷ್ಟು ಶ್ರೇಯಸ್ಸು ವಿಜ್ಞಾನಿಗಳಿಗೆ ಸಲ್ಲಲೇಬೇಕು.

ಆದರೆ ಈ ಕೋಶಗಳು ಏನನ್ನುಂಡು ಬೆಳೆಯುತ್ತವೆ? ಲವಣ, ಸಕ್ಕರೆ, ಅಮೈನೊ ಆಮ್ಲಗಳ ದ್ರವಕ್ಕೆ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಭಾಗದಷ್ಟು ಕರುವಿನ ಭ್ರೂಣದ ಸೀರಂ ಬೆರೆಸುತ್ತಾರೆ. ಕಸಾಯಿಖಾನೆಯಲ್ಲಿ ಕಡಿದ ಹಸು ಗಬ್ಬವಾಗಿದ್ದರೆ, ಒಳಗಿನ ಕರುವನ್ನು ತೆಗೆದು, ಅದರ ಹೃದಯಕ್ಕೆ ಸೂಜಿ ಚುಚ್ಚಿ ರಕ್ತವನ್ನು ಸೆಳೆಯುತ್ತಾರೆ. ಆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯೇ ಸೀರಂ. ಪ್ರಬಂಧಗಳಲ್ಲಿ ಇದು ಸಾಮಗ್ರಿಗಳ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ‘ಇತರೆ ಖರ್ಚು’ ಎಂದು ಬರೆದು ಮುಗಿಸಿದ ಜಮಾಖರ್ಚಿನಂತೆ.

ಸೋಜಿಗವೆಂದರೆ, ಹಾರ್ಮೋನಿನ ಅಧ್ಯಯನಕ್ಕೆ ಸೀರಂ ಅಡ್ಡಿಯೂ ಹೌದು. ಅದರಲ್ಲಿ ಹಾರ್ಮೋನುಗಳು ಮೊದಲೇ ಇರುತ್ತವೆ. ಒಂದು ಸರಬರಾಜಿನಿಂದ ಇನ್ನೊಂದಕ್ಕೆ ಪ್ರಮಾಣವೂ ಬದಲಾಗುತ್ತದೆ. ತಕ್ಕಡಿಯ ತಟ್ಟೆಯಲ್ಲಿ ಏನನ್ನೋ ಬಿಟ್ಟು ಸರಕು ತೂಗಿದಂತಾಯಿತು! 1979ರಲ್ಲಿ ಮೇರಿ ಟೌಬ್, ಗಾರ್ಡನ್ ಸಾಟೊ ಮೊದಲಾದವರು ಸೀರಂ ಇಲ್ಲದೆಯೇ ಎಂಡಿಸಿಕೆ ಕೋಶಗಳನ್ನು ಬೆಳೆಸಿದರು. ಸೀರಮ್ಮಿನ ಬದಲು ಇನ್ಸುಲಿನ್, ಟ್ರಾನ್ಸ್‌ಫೆರಿನ್, ಹೈಡ್ರೋಕಾರ್ಟಿಸೋನ್, ಟ್ರೈಅಯೊಡೊಥೈರೋನಿನ್, ಪ್ರೋಸ್ಟಾಗ್ಲಾಂಡಿನ್ ಇ1 ಎಂಬ ಐದು ವಸ್ತುಗಳು ಸಾಕಾದವು. ಅಂದಿನ ಮಾರುಕಟ್ಟೆಯ ಇನ್ಸುಲಿನ್ ಹಸು ಹಂದಿಗಳ ಮೇದೋಜೀರಕದಿಂದ ಬರುತ್ತಿತ್ತು ನಿಜ. 1982ರ ನಂತರ ಸೂಕ್ಷ್ಮಾಣುಗಳಿಂದ ತಯಾರಾದ ಇನ್ಸುಲಿನ್ ದೊರೆಯತೊಡಗಿತು. ಇಂದು ಬಹುಬಳಕೆಯಲ್ಲಿರುವ ‘ಎಚ್‌ಇಕೆ293’ ಕೋಶಗಳನ್ನೂ ಸೀರಂ ಇಲ್ಲದೆ ಬೆಳೆಸಬಹುದು. ಆದರೆ 1973ರಲ್ಲಿ ನೆದರ್‌ಲೆಂಡ್ಸಿನ ಲೈಡನ್ನಿನಲ್ಲಿ ರೂಪುಗೊಂಡ ಆ ವಂಶದ ಮೂಲ ಮಾನವಭ್ರೂಣವಾದ್ದರಿಂದ ಅದು ಪ್ರತ್ಯೇಕ ಚರ್ಚೆಗೆ ಅರ್ಹವಾದ ವಿಷಯ.

‘ಹಸುವನ್ನು ಕಡಿದದ್ದು ಮಾಂಸಕ್ಕಾಗಿ, ಸೀರಂ ಉಪೋತ್ಪನ್ನ ಮಾತ್ರ’ ಎಂದು ವಾದಿಸುವವರಿದ್ದಾರೆ. ವಾಣಿಜ್ಯವನ್ನು ಬಲ್ಲವರು ಇದನ್ನು ಒಪ್ಪಲಾರರು. ಎಣ್ಣೆಗಾಣದವನು ಹಿಂಡಿ ಮಾರಿದ ಹಣವನ್ನೂ ಲಾಭಕ್ಕೆ ಸೇರಿಸಿಕೊಳ್ಳುತ್ತಾನಲ್ಲವೆ? ಕೃತ, ಕಾರಿತ, ಅನುಮೋದನೆ ಎಂದು ನಮ್ಮ ಆಚಾರ್ಯರು ಹಿಂಸೆಯ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದು ಇಂಥ ಸಂದರ್ಭಗಳಿಗೇ. 1958ರ ನಾಯಿಯ ವಿಷಯದಲ್ಲಿ ಇಂದು ಮಾಡಬಹುದಾದದ್ದು ಏನೂ ಇಲ್ಲ. ಸೀರಂ ಹಾಗಲ್ಲ, ಅದು ಮತ್ತೆ ಮತ್ತೆ ಮಾಡುವ ಖರೀದಿ. ಆ ಖರೀದಿಗೆ ಹಣ ಒದಗಿಸಿದವನು ಕಾರಿತದಿಂದ ಹೊರಗುಳಿಯುವುದು ಕಷ್ಟ.

ಆದ್ದರಿಂದ ಟ್ರಸ್ಟುಗಳು ಸಂಶೋಧನೆಗೆ ನೆರವು ನೀಡುವ ಮುನ್ನ ಅರ್ಜಿದಾರರಿಂದ ಮೂರು ವಿಷಯಗಳನ್ನು ಲಿಖಿತವಾಗಿ ಪಡೆಯಲಿ: ಕೋಶವಂಶ ಯಾವುದು, ಅದರ ಪೋಷಕದ್ರವ ಯಾವುದು, ಸೀರಂ ಅನಿವಾರ್ಯವೆನ್ನುವುದಾದರೆ ಏಕೆ. ಮೂರನೆಯದಕ್ಕೆ ‘ರೂಢಿಯಿಂದ’ ಎಂಬುದಷ್ಟೇ ಉತ್ತರವಾದರೆ ಅರ್ಜಿಯನ್ನು ಹಿಂದಿರುಗಿಸಬಹುದು.