ಶನಿಗ್ರಹದ ಲೇಬಲ್ಲಿನ ರೆಕಾರ್ಡುಗಳು

ಸನ್ ರಾ ತಂಡದ ಹಳೆಯ ‘ಸ್ಯಾಟರ್ನ್’ ಎಲ್‌ಪಿಗಳಿಗೆ ಸಂಗ್ರಾಹಕರು ಇವತ್ತು ಸುರಿಯುವ ಹಣ ಸಂಗೀತಕ್ಕೆ ಸಲ್ಲುತ್ತಿದೆಯೋ, ಬರೀ ಅಪರೂಪಕ್ಕೋ?

1950ರ ದಶಕದಲ್ಲಿ ಷಿಕಾಗೊದಲ್ಲಿ ತಮ್ಮ ದೊಡ್ಡ ಜಾಝ್ ತಂಡ ಕಟ್ಟಿದ ಸನ್ ರಾ ದೊಡ್ಡ ಕಂಪನಿಗಳ ಬಾಗಿಲು ಕಾಯಲಿಲ್ಲ. ಗೆಳೆಯ ಆಲ್ಟನ್ ಏಬ್ರಹಾಂ ಜೊತೆ ಸೇರಿ ‘ಸ್ಯಾಟರ್ನ್’, ಅಂದರೆ ಶನಿಗ್ರಹ, ಎಂಬ ಸ್ವಂತ ಲೇಬಲ್ ಹುಟ್ಟುಹಾಕಿದರು. ಕಪ್ಪು ಕಲಾವಿದರು ತಮ್ಮ ಸಂಗೀತದ ಒಡೆತನವನ್ನು ತಾವೇ ಇಟ್ಟುಕೊಳ್ಳುವುದು ಅಂದಿನ ಅಮೆರಿಕದಲ್ಲಿ ಸಣ್ಣ ಮಾತಲ್ಲ. ಕೈಯಲ್ಲಿ ಕಾಸಿದ್ದಷ್ಟೇ ಪ್ರತಿ; ಕೆಲವು ರೆಕಾರ್ಡುಗಳು ನೂರೂ ಮುಟ್ಟಲಿಲ್ಲ. ಖಾಲಿ ಕವರಿನ ಮೇಲೆ ವಾದಕರೇ ಬಣ್ಣ ಬಳಿದು, ಕಛೇರಿ ಮುಗಿದ ಮೇಲೆ ಮಾರುತ್ತಿದ್ದರು. ಒಂದು ಆಲ್ಬಮ್ಮಿನ ಒಂದು ಬದಿಗೆ ಇನ್ನೊಂದರ ಬದಿ ಜೋಡಿಯಾಗಿರುವುದೂ ಉಂಟು. ಲೇಬಲ್ ಏನೂ ಹೇಳದಿದ್ದಾಗ ತಟ್ಟೆಯ ನಡುವೆ, ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಗೀರಿದ ಅಂಕೆಯನ್ನು ಬೆಳಕಿಗೆ ಓರೆ ಹಿಡಿದು ಓದಬೇಕು.

ಈ ಗೋಜಲಿನಿಂದಾಗಿ ಸನ್ ರಾ ಬೆಳೆದ ದಾರಿಯೇ ತಲೆಕೆಳಗಾಗಿ ಕಾಣುತ್ತಿತ್ತು. ‘ಕಾಸ್ಮಿಕ್ ಟೋನ್ಸ್ ಫಾರ್ ಮೆಂಟಲ್ ಥೆರಪಿ’ ಧ್ವನಿಮುದ್ರಣವಾದದ್ದು 1963ರಲ್ಲಿ, ಹೊರಬಂದದ್ದು 1967ರಲ್ಲಿ. ಡ್ರಮ್ಮರ್ ಟಾಮಿ ಹಂಟರ್ ಟೇಪ್ ರೆಕಾರ್ಡರಿನಿಂದ ಹೊರಬರುವ ಧ್ವನಿಯನ್ನು ಮತ್ತೆ ಅದರೊಳಕ್ಕೇ ಹರಿಸಿ ಪಡೆದ ಪ್ರತಿಧ್ವನಿ ಅದರಲ್ಲಿದೆ. ಅದನ್ನು 1967ರ ಕೆಲಸವೆಂದು ಕೇಳಿದರೆ ಕಾಲದ ಫ್ಯಾಷನ್ನಿನಂತೆ ತೋರೀತು. 1963ರದೆಂದು ತಿಳಿದಾಗಲೇ ಅದರ ಎದೆಗಾರಿಕೆ ಅರ್ಥವಾಗುತ್ತದೆ. ಇಂಥ ಸಿಕ್ಕುಗಳನ್ನು ಬಿಡಿಸಿ ರಾಬರ್ಟ್ ಕ್ಯಾಂಪ್‌ಬೆಲ್ ಮತ್ತು ಕ್ರಿಸ್ಟೋಫರ್ ಟ್ರೆಂಟ್ ರೂಪಿಸಿದ ಸೂಚಿ ಈ ಕ್ಷೇತ್ರದ ದೊಡ್ಡ ಸಾಧನೆ. ಪ್ರತಿಗಳನ್ನು ಜೋಪಾನ ಮಾಡಿದವರಿಲ್ಲದೆ ಅಂಥ ಕೆಲಸ ಆಗದು. ಸಂಗ್ರಹದ ಹವ್ಯಾಸವನ್ನು ನಾನು ಗೌರವಿಸುವುದು ಇದಕ್ಕೆ.

ಮುಳ್ಳು ತಾಗದಂತೆ ಕಾಪಿಟ್ಟು, ಬೆಲೆ ಏರಲೆಂದು ಕಾಯುವವರನ್ನು ಮಾತ್ರ ಒಪ್ಪಲಾರೆ. 1959ರ ‘ಜಾಝ್ ಇನ್ ಸಿಲೂಯೆಟ್’ನ ‘ಏನ್ಷಿಯಂಟ್ ಈಥಿಯೋಪಿಯಾ’ ಕೇಳಿ. ಸ್ವರಮೇಳ ಹೆಚ್ಚು ಕದಲುವುದೇ ಇಲ್ಲ. ತಾಳವಾದ್ಯಗಳ ಮಂದ ನಡಿಗೆಯ ಮೇಲೆ ಕೊಳಲುಗಳು, ಹೋಬರ್ಟ್ ಡಾಟ್ಸನ್ನರ ಟ್ರಂಪೆಟ್. ಬಿಗ್ ಬ್ಯಾಂಡ್ ಎಂದರೆ ಅಬ್ಬರ ಎಂದುಕೊಂಡವರಿಗೆ ಈ ಸಂಯಮ ಬೆರಗು ಹುಟ್ಟಿಸುತ್ತದೆ. ಇದನ್ನು ಕೇಳಲು ಮೂಲ ಪ್ರತಿ ಬೇಕಿಲ್ಲ. 1990ರ ದಶಕದಲ್ಲಿ ‘ಎವಿಡೆನ್ಸ್’ ಲೇಬಲ್ ತಂದ ಸಿ.ಡಿ. ಸಾಕು. ಮೊದಲು ಅದನ್ನೇ ಕೊಳ್ಳಿ. ಕೈಬಣ್ಣದ ಕವರು ಎಂದಾದರೂ ಸಿಕ್ಕರೆ, ಆ ಗೀರಿದ ಅಂಕೆಯನ್ನು ಬರೆದಿಟ್ಟು ಇತರರಿಗೂ ತಿಳಿಸಿ. ಏಬ್ರಹಾಂ ಅವರ ಸಂಗ್ರಹವಂತೂ ಈಗ ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಂಶೋಧಕರಿಗೆ ತೆರೆದಿದೆ.