ಮರಳಿ ಬಂದದ್ದು ಪಾತ್ರ, ನಟನಲ್ಲ

ನವೆಂಬರ್ ಬಂತೆಂದರೆ ಬಿನ್ನಿಪೇಟೆಯ ಆಟೊ ಸ್ಟ್ಯಾಂಡುಗಳಲ್ಲಿ ಕನ್ನಡ ಬಾವುಟ ಏರುತ್ತದೆ, ‘ಸಾರಥಿ’ ಚಿತ್ರದ ಆಟೊ ಹಾಡು ಮೊಳಗುತ್ತದೆ. ಜನ ಮನಸಾರೆ ಒಪ್ಪಿದ ಹಾಡು, ಅದರ ಬಗ್ಗೆ ತಕರಾರಿಲ್ಲ. ‘ದರ್ಶನ್ ಗೆದ್ದು ಬಂದ ಸಿನಿಮಾ’ ಎಂದು ಚಿತ್ರಕ್ಕೆ ಅಂಟಿರುವ ಹೆಸರಿನ ಬಗ್ಗೆ ಇದೆ.

2011ರ ಸೆಪ್ಟೆಂಬರ್‌ನಲ್ಲಿ, ಪತ್ನಿಯ ಮೇಲೆ ಹಲ್ಲೆ ನಡೆಸಿದ ಆರೋಪದಲ್ಲಿ ವಿಜಯನಗರ ಪೊಲೀಸರು ಚಿತ್ರದ ನಾಯಕನಟ ದರ್ಶನ್ ಅವರನ್ನು ಬಂಧಿಸಿದ್ದು, ಮುಂದೆ ದಂಪತಿ ರಾಜಿಯಾದದ್ದು ಎಲ್ಲರಿಗೂ ಗೊತ್ತು. ಅವರು ಜೈಲಿನಲ್ಲಿದ್ದಾಗಲೇ, ಸೆಪ್ಟೆಂಬರ್ 30ರಂದು ಚಿತ್ರ ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ಆದರೆ ಚಿತ್ರೀಕರಣ ಮುಗಿದದ್ದು ಬಂಧನಕ್ಕೆ ಮೊದಲು. ಆರೋಪ ಹೊತ್ತ ಮೇಲೆ ನಟಿಸಿದ ಒಂದು ದೃಶ್ಯವೂ ಇದರಲ್ಲಿಲ್ಲ. ಇದು ನಟನ ಮರುಹುಟ್ಟು ಹೇಗಾದೀತು?

ಗೆಲ್ಲಿಸಿದ್ದು ಕಥೆಯ ಕಟ್ಟು. ನಿರ್ದೇಶಕ ದಿನಕರ್ ತೂಗುದೀಪ ‘ದಿ ಲಯನ್ ಕಿಂಗ್’ನ ಎಳೆ ಹಿಡಿದಿದ್ದಾರೆ. ಮೊದಲು ಕಾಣುವುದು ಖಾಕಿ ತೊಟ್ಟ ಆಟೊ ಚಾಲಕ. ಅವನು ಅಪ್ಪನನ್ನು ಕಳೆದುಕೊಂಡು ಊರು ಬಿಟ್ಟ ದೊಡ್ಡಮನೆಯ ಮಗ ಎಂಬುದು ಬಯಲಾಗುವುದು ಆಮೇಲೆ. ಈ ಕ್ರಮದಲ್ಲೇ ಜಾಣ್ಮೆಯಿದೆ. ಪ್ರೇಕ್ಷಕ ಅವನನ್ನು ತನ್ನವನೆಂದು ಒಪ್ಪಿಯಾದ ಮೇಲೆ ಅವನಿಗಾದ ಅನ್ಯಾಯ ತಿಳಿಯುತ್ತದೆ. ಹಾಗಾಗಿ ಅವನ ಸಿಟ್ಟೆಲ್ಲ ನ್ಯಾಯವಾಗಿಯೇ ಕಾಣುತ್ತದೆ, ಅವನು ಕೈ ಎತ್ತಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಊರಿಗೆ ಮರಳುವ ಪಾತ್ರಕ್ಕೆ ಬಿದ್ದ ಶಿಳ್ಳೆ ಜೈಲಿನಲ್ಲಿದ್ದ ನಟನ ಖಾತೆಗೆ ಜಮೆಯಾಯಿತು. ಚಾಲಕನ ಭಾಗದಲ್ಲಿ ದರ್ಶನ್ ಅವರ ಲವಲವಿಕೆ ಮೆಚ್ಚುವಂಥದ್ದೇ. ಉತ್ತರಾರ್ಧದಲ್ಲಿ ಮಾತ್ರ ದುಡಿಯುವುದು ಅವರ ಎತ್ತರ ಮತ್ತು ದನಿ.

‘ಕಲೆ ಬೇರೆ, ಕಲಾವಿದನ ಬದುಕು ಬೇರೆ’ ಎನ್ನುವ ವಿಮರ್ಶಕ ಮಿತ್ರರನ್ನು ಒಂದು ಮಾತು ಕೇಳಬೇಕು. ದರ್ಶನ್ ಬಂಧನವಾದ ತಿಂಗಳಲ್ಲೇ ನಿರ್ಮಾಪಕರ ಸಂಘ ನಟಿ ನಿಖಿತಾ ಅವರಿಗೆ 3 ವರ್ಷ ನಿಷೇಧ ಹೇರಿತು. ಅವರ ಮೇಲೆ ಕೇಸಿರಲಿಲ್ಲ, ದಂಪತಿಯ ಜಗಳದಲ್ಲಿ ಹೆಸರು ಕೇಳಿಬಂದಿತ್ತು ಅಷ್ಟೆ. ಟೀಕೆ ಜೋರಾದ ಮೇಲೆ ಸಂಘ ಹಿಂದೆ ಸರಿಯಿತು. ನಟನಿಗೆ ಅನ್ವಯಿಸಿದ ನಿಮ್ಮ ಸೂತ್ರ ಆಕೆಗೆ ಯಾಕೆ ಅನ್ವಯಿಸಲಿಲ್ಲ? 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ಅವರೂ ದರ್ಶನ್ ಜೊತೆ ನಟಿಸಿದ್ದರು. ಅದು ಆಕೆಯ ಪುನರಾಗಮನವೂ ಹೌದೆಂದು ಬರೆದವರನ್ನು ನಾನು ಕಾಣೆ. ಮರಳಿ ನಿಲ್ಲಲು ನಾಯಕನಿಗೆ ಇಡೀ ಚಿತ್ರ, ನಾಯಕಿಗೆ ಅವನ ಪಕ್ಕದಲ್ಲಿಷ್ಟು ಜಾಗ. ವಿಮರ್ಶೆ ಕೆದಕಬೇಕಾದದ್ದು ಇದನ್ನು.

ದರ್ಶನ್ ಆರೋಪಿಯಾದ 2024ರ ಕೊಲೆ ಪ್ರಕರಣ ನ್ಯಾಯಾಲಯಕ್ಕೆ ಸೇರಿದ್ದು, ಅದನ್ನು ಹಳೆಯ ಚಿತ್ರದ ಮೇಲೆ ಹೇರುವುದು ಸಲ್ಲದು. ‘ಸಾರಥಿ’ ಒಳ್ಳೆಯ ಮನರಂಜನೆ, ಅದಕ್ಕಿಂತ ಹೆಚ್ಚೇನಲ್ಲ. ಅಭಿಮಾನಿಗಳು ಕ್ಷಮಿಸಲಿ, ಅದು ಅವರ ಹಕ್ಕು. ಟಿಕೆಟ್ ಮಾರಾಟವನ್ನೇ ಕ್ಷಮೆಯೆಂದು ಓದುವ ಹಕ್ಕು ವಿಮರ್ಶಕನಿಗಿಲ್ಲ.