ಕರ್ಪೂರವೃಕ್ಷದ ಅದ್ಭುತ

ಜಪಾನಿನ ಚಲಿಸುವ ಚಿತ್ರಕಥೆಗಳು ಕೇವಲ ಬಾಲವಿನೋದವೆಂದು ಹಿರಿಯರನೇಕರು ಉಪೇಕ್ಷಿಸುವರು. ಹಯಾವೊ ಮಿಯಾಜಾಕಿಯವರು 1988ರಲ್ಲಿ ನಿರ್ದೇಶಿಸಿದ ‘ಮೈ ನೇಬರ್ ಟೊಟೊರೊ’ ಈ ಮತಕ್ಕೆ ಉತ್ತರವಾಗಿದೆ. ಇದರಲ್ಲಿ ಖಳನಿಲ್ಲ, ಯುದ್ಧವಿಲ್ಲ. ತಾಯಿ ಆಸ್ಪತ್ರೆಯಲ್ಲಿರುವಳು; ಸತ್ಸುಕಿ, ಮೇಯಿ ಎಂಬ ಸೋದರಿಯರು ಹಳ್ಳಿಯ ಮನೆಯಲ್ಲಿ ಅವಳನ್ನು ಕಾದಿರುವರು. ಕರ್ಪೂರವೃಕ್ಷವಾಸಿಯಾದ ವನಸತ್ತ್ವವು ಮಕ್ಕಳಿಗೆ ಮಾತ್ರ ಗೋಚರ. ತಂದೆಗೆ ಅದು ಕಾಣದು; ಆದರೂ ಮಗಳ ಮಾತನ್ನು ಸುಳ್ಳೆನ್ನದೆ ಮಕ್ಕಳೊಡನೆ ಆ ಮರಕ್ಕೆ ತಲೆಬಾಗುವನು. ಕೃತಿಯ ಮರ್ಮವಿರುವುದು ಇಲ್ಲಿಯೇ. ಅದ್ಭುತವು ಕರುಣಕ್ಕೆ ಅಂಗವಾಗಿದೆ. ಮಗುವಿಗೆ ಮೊದಲನೆಯದು, ತಾಯ್ತಂದೆಗಳಿಗೆ ಎರಡನೆಯದು ಆಸ್ವಾದ್ಯ. ನಗರ್ತಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರದ ಹುಣ್ಣಿಮೆಯಿರುಳು ಕರಗವು ಹೊರಡುವಾಗ, ತಂದೆಯ ಹೆಗಲೇರಿದ ಕೂಸೂ ಪಕ್ಕದ ಅಜ್ಜಿಯೂ ಒಂದನ್ನೇ ಕಂಡು ಬೇರೆ ಬೇರೆ ಬಗೆಯಲ್ಲಿ ಬೆರಗಾಗುವರಷ್ಟೆ. ಕಡೆಯಲ್ಲಿ ಆತಂಕವು ತೀರ ಶೀಘ್ರವಾಗಿ ಪರಿಹಾರವಾಗುವುದೊಂದೇ ಕುಂದು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡತಕ್ಕ ಕೃತಿಯಿದು.